ಚರ್ಪು

"ರೀ, ಗೊಂಬೆ ಕೂರಿಸಿದ್ದೀರಾ?"
ಕೂಗುವ ಕೆಲಸ ಸಿಂಹಿಯದು, ಅವನ ಗಂಟಲು ದೊಡ್ಡದು.
ಡಬ್ಬಿ ಹಿಡಿಯುವುದು ನಾನು,
ಮುಚ್ಚಳ ಸೊಟ್ಟಗಾದ ಅಣ್ಣನ ಜಾಮಿಟ್ರಿ ಡಬ್ಬಿ.
ಚಾಮುಂಡಿಪುರದ ಮೂರನೇ ಕ್ರಾಸಿನಲ್ಲಿ
ಯಾರ ಮನೆಯದು ಕೊಬ್ಬರಿಮಿಠಾಯಿ, ಯಾರದು ಬರೀ ಪುರಿ
ಎಲ್ಲ ಬಾಯಿಪಾಠ.
ಹಾಡಿದರಷ್ಟೇ ಚರ್ಪು ಕೊಡುವ ವಕೀಲರ ಮನೆಯಲ್ಲಿ
ವನಜೆಯನ್ನು ಮುಂದೆ ತಳ್ಳುತ್ತಿದ್ದೆವು.

ಆ ವರ್ಷ ಆಂಡಾಳಮ್ಮನ ಬಾಗಿಲು ಅರ್ಧವೇ ತೆರೆಯಿತು.
"ಇಲ್ಲ ಕಣ್ರೋ, ಈ ಸಲ ಕೂರಿಸಿಲ್ಲ."
ಯಾಕೆಂದು ಅರ್ಥವಾಗುವಷ್ಟು ದೊಡ್ಡವರಲ್ಲ ನಾವು,
ಹೊರಟುಬಿಡುವಷ್ಟು ಜಾಣರೂ ಅಲ್ಲ.
ಡಬ್ಬಿ ಚಾಚಿಯೇ ಇತ್ತು.

ಒಳಗೆ ತಗಡಿನ ಸದ್ದು. ಬಹಳ ಹೊತ್ತು.
ತಂದದ್ದು ಒಂದು ಹಿಡಿ ಹುರಿಗಡಲೆ, ಮೇಲೆ ಸಕ್ಕರೆ.
ಕೊಟ್ಟು, ಹೊಸಿಲ ಮೇಲೆ ಕೂತೇಬಿಟ್ಟರು.
"ಪೋಸ್ಟ್‌ಮಾಸ್ಟರ ಮನೇಲಿ ಏನೇನಿಟ್ಟಿದಾರೆ, ಹೇಳಿ."

ಹೇಳಿದೆವು, ಒಬ್ಬರ ಮಾತಿನ ಮೇಲೊಬ್ಬರು ಬಿದ್ದು:
ರಾಗಿ ಪೈರಿನ ಪಾರ್ಕು, ಕನ್ನಡಿಯ ಕೆರೆ,
ಕೊಕ್ಕಿಲ್ಲದ ಒಂದು ಬಾತುಕೋಳಿ,
ಶೆಟ್ಟರ ಅಂಗಡಿಯಲ್ಲಿ ನಿಜವಾದ ಹೆಸರುಬೇಳೆ!
ಪಟ್ಟದ ರಾಜನ ಮೂಗಿಗೆ ಅಂಟು ಹಾಕಿದ್ದಾರೆ,
ರಾಣಿ ಆ ಕಡೆ ನೋಡುತ್ತಿಲ್ಲ.
"ಯಾವ ಬಣ್ಣದ ಸೀರೆ ರಾಣೀದು?"
ನಮಗೆ ಗೊತ್ತಿರಲಿಲ್ಲ.
"ನೋಡ್ಕೊಂಡು ಬಂದು ಹೇಳಬೇಕು."

ಓಡಿದೆವು. ಪೋಸ್ಟ್‌ಮಾಸ್ಟರ ಮನೆಯಲ್ಲಿ
"ಮತ್ತೆ ಬಂದ್ರಾ!" ಎಂದು ಬೈದರು,
ಬೈದೂ ಒಂದೊಂದು ರವೆ ಉಂಡೆ ಕೊಟ್ಟರು.

ಗಿಳಿಹಸಿರು.
ಅದನ್ನು ಹೇಳಲು ಹೋದಾಗ
ಸಿಂಹಿ ಕೂಗುವ ಮೊದಲೇ
ಚಿಲಕ ತೆಗೆದಿತ್ತು.