ಹಂಗಿಲ್ಲದ ನೀರು

ಮಾರ್ಚ್ ತಿಂಗಳ ಎರಡನೆಯ ಮಂಗಳವಾರ.
ನ್ಯೂ ಹ್ಯಾಂಪ್‌ಶೈರಿನ ನಮ್ಮ ಪುಟ್ಟ ಊರಿನ ಸಭೆ
ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ.
ಬಾಗಿಲಿನಿಂದ ಒಳತನಕ ಕೆಸರು ಬೂಟಿನ ಗುರುತು,
ಎರಡು ಡಾಲರಿಗೊಂದು ಬಟ್ಟಲು ಬೇಯಿಸಿದ ಬೀನ್ಸು.
ಊರ ಗುಮಾಸ್ತೆ ನಾನು. ಇಪ್ಪತ್ತೆರಡು ವರ್ಷದಿಂದ
ಇವರು ಆಡಿದ್ದನ್ನೆಲ್ಲ ಬರೆದುಕೊಂಡಿದ್ದೇನೆ.
ಆಡದೆ ಬಿಟ್ಟದ್ದಕ್ಕೆ ನನ್ನ ಪುಸ್ತಕದಲ್ಲಿ ಜಾಗವಿಲ್ಲ.

ಹದಿನಾಲ್ಕನೆಯ ವಿಷಯ:
ಪ್ರತಿ ಮನೆಯವರೂ ತಮ್ಮ ಕೊಳವೆಬಾವಿಯ ನೀರನ್ನು
ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು,
ವರದಿಯನ್ನು ಕಚೇರಿಗೆ ಒಪ್ಪಿಸತಕ್ಕದ್ದು,
ತಪ್ಪಿದಲ್ಲಿ ದಂಡ ತೆರತಕ್ಕದ್ದು.

ಮೂರನೆಯ ತಕ್ಕದ್ದಿಗೆ
ಆರ್ಲೊ ಪೆಟೆಂಗಿಲ್ ಎದ್ದು ನಿಂತ.

"ಯಾರಿಗೆ ತಕ್ಕದ್ದು?" ಅಂದ.
"ಮುನ್ನೂರ ನಲವತ್ತು ಅಡಿ ಬರೀ ಬಂಡೆ.
ಅಡಿಗಿಷ್ಟು ಅಂತ ಎಣಿಸಿ ಕೊಟ್ಟವನು ನಾನು.
ಆಗ ಎಲ್ಲಿತ್ತು ನಿಮ್ಮ ಊರು?
ಯಾರ ಹಂಗೂ ಇಲ್ಲದ ನೀರು ಅದು.
ಇವತ್ತು ನೀರಿನ ಲೆಕ್ಕ ಕೇಳ್ತೀರಿ,
ನಾಳೆ ಸೂಪಿಗೆ ಎಷ್ಟು ಉಪ್ಪು ಹಾಕಿದೆ ಅಂತೀರಿ.
ಕಾವಲಿಗೆ ಅಂತ ಹಾಕಿದ ಬೇಲಿ
ಒಂದು ಸಲ ಹೊಲದ ರುಚಿ ಕಂಡರೆ
ಮತ್ತೆ ಬೇಲಿಯಾಗಿ ನಿಂತದ್ದುಂಟಾ?
ವಿಷವೇ ಇರಲಿ, ನನ್ನ ವಿಷ—"

ಮೂರು ನಿಮಿಷ ಮುಗಿದಿತ್ತು.
ಗಂಟೆ ಹೊಡೆದವಳು ನಾನೇ.

ಶಾಲೆಯ ನರ್ಸ್ ಡೆನೀಸ್ ಕ್ವಿಂಬಿ
ಮೈಕಿನ ಕತ್ತು ಬಗ್ಗಿಸಿಕೊಂಡು ಮೆಲ್ಲಗೆ ಹೇಳಿದಳು:
ಆರ್ಸೆನಿಕ್ಕಿಗೆ ಬಣ್ಣವಿಲ್ಲ, ವಾಸನೆಯಿಲ್ಲ.
ಬಂಡೆಯ ಬಿರುಕಿಗೆ ಯಾರ ಗಡಿಕಲ್ಲೂ ಕಾಣುವುದಿಲ್ಲ.
ಅಜ್ಜನ ಮನೆಯಲ್ಲಿ ನೀರು ಕುಡಿಯುವ ಮಗುವಿನ ಕೈಯಲ್ಲಿ
ಎತ್ತಿ ತೋರಿಸಲು ಹಸಿರು ಚೀಟಿಯೂ ಇಲ್ಲ.
ಆರ್ಲೊನ ಕಡೆ ಅವಳು ನೋಡಲಿಲ್ಲ.
ಅವನ ಮೊಮ್ಮಗಳು ಮಾತ್ರ ಹಿಂದಿನ ಸಾಲಿನಲ್ಲಿ
ಬೀನ್ಸಿನ ಬಟ್ಟಲನ್ನು ನೆಕ್ಕುತ್ತಿದ್ದಳು.

ಅವನನ್ನು ಮೊಂಡನೆಂದು ಬರೆದುಬಿಡುವುದು ಸುಲಭ.
ಆದರೆ ಹೇಜಲ್ ಟಟಲ್‌ಳ ಅಡುಗೆಮನೆ ನೆನಪಾಗುತ್ತದೆ.
ಬ್ಲೂಬೆರಿ ಜಾಮ್ ಮಾಡಿ ಮಾರುತ್ತಿದ್ದಳು,
ಅದೇ ದುಡ್ಡಿನಲ್ಲಿ ಚಳಿಗಾಲದ ಸೌದೆ.
ಒಬ್ಬರ ಹೊಟ್ಟೆಯೂ ಕೆಟ್ಟದ್ದಿಲ್ಲ.
ತೊಳೆಯುವ ತೊಟ್ಟಿಗೆ ಮೂರು ಅರೆ ಇರತಕ್ಕದ್ದಂತೆ,
ಅವಳದಕ್ಕೆ ಎರಡೇ ಇದ್ದವು.
ನಿಯಮ ನನ್ನದಲ್ಲ. ಕೈ ನನ್ನದು.
ನೋಟೀಸನ್ನು ಅವಳ ಬಾಗಿಲಿಗೆ ಗಮ್ ಟೇಪಿನಲ್ಲಿ ಅಂಟಿಸಿದೆ,
ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೂ.
ಒಳಗಿನಿಂದ ನೋಡುತ್ತ ನಿಂತಿದ್ದಳು,
ಕಾಫಿ ಬೇಕಾ ಅಂತ ಕೇಳಿದಳು.

ಅರವತ್ತೊಂದು ಪರ, ಎಂಬತ್ತೆಂಟು ವಿರುದ್ಧ.
ಹದಿನಾಲ್ಕನೆಯದು ಬಿತ್ತು.
ನನ್ನ ಚೀಟಿ ಯಾವ ಕಡೆಗೆ ಎದ್ದಿತೆಂದು
ನಡಾವಳಿಯಲ್ಲಿ ಹುಡುಕಬೇಡಿ.

ಶುಕ್ರವಾರ ಆರ್ಲೊ ಕಚೇರಿಗೆ ಬಂದ,
ನಾಯಿಯ ಲೈಸೆನ್ಸಿಗೆ.
ವರ್ಷವರ್ಷವೂ ಆರೂವರೆ ಡಾಲರನ್ನು
ಒಂದೊಂದೇ ಸೆಂಟಿನ ನಾಣ್ಯದಲ್ಲಿ ಸುರಿಯುವುದು ಅವನ ಪ್ರತಿಭಟನೆ.
ನಾನು ಪ್ರತಿಸಲವೂ ಆರುನೂರ ಐವತ್ತನ್ನೂ ಎಣಿಸುವುದು ನನ್ನದು.
ಈ ಸಲ ಹತ್ತರ ನೋಟು ಕೊಟ್ಟ.
ಚಿಲ್ಲರೆ ತೆಗೆದುಕೊಂಡೂ ಹೋಗಲಿಲ್ಲ.
ಹೊರಗೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು.

"ಆ ಬಾಟಲಿ," ಅಂದ. "ನೀರಿನದು. ಇದೆಯಾ?"
"ಇದೆ. ಹೆಸರು, ವಿಳಾಸ ಬರೆಸಬೇಕು."
"ಬರೆಸದೆ?"

ಇಪ್ಪತ್ತೆರಡು ವರ್ಷ ಎಲ್ಲವನ್ನೂ ಬರೆದವಳು
ಪೆನ್ನಿನ ಮುಚ್ಚಳ ಹಾಕಿದೆ.
ಬಾಟಲಿಯನ್ನು ಕೋಟಿನ ಒಳಜೇಬಿಗೆ ಇಳಿಸಿಕೊಂಡ,
ಕದ್ದ ಹುಡುಗನ ಹಾಗೆ, ಕಿವಿ ಕೆಂಪಾಗಿ.
"ಇದು ನಾನೇ ಕೇಳಿದ್ದು," ಅಂದ ಬಾಗಿಲಲ್ಲಿ.
"ನೀವು ಹೇಳಿದ್ದಕ್ಕಲ್ಲ."
ಹೌದು ಅಂದೆ. ವ್ಯತ್ಯಾಸವಿದೆ ಅಂದೆ.

ಬಾಟಲಿಗಳು ಜೋಡಿಯಾಗಿಯೇ ಬರುತ್ತವೆ.
ಇನ್ನೊಂದು ನನ್ನ ಮೇಜಿನ ಖಾನೆಯಲ್ಲೇ ಇದೆ,
ಗಮ್ ಟೇಪಿನ ಪಕ್ಕ.
ನನ್ನ ಮನೆಯಲ್ಲೂ ಬಾವಿಯಿದೆ.