ಐವತ್ತೊಂದನೆಯದು

ಹಾಸನದ ಮಾರುಕಟ್ಟೆ ಯಾರ್ಡಿನಲ್ಲಿ
ಆಲೂಗಡ್ಡೆ ಆರಿಸುವ ಹೆಂಗಸರ ಸಂಘಕ್ಕೆ
ನಡಾವಳಿ ಬರೆಯುವವಳು ನಾನು.
ಕೆಂಪು ರಟ್ಟಿನ ಪುಸ್ತಕ, ಉದ್ದುದ್ದ ಗೆರೆ,
ಅಂಚಿನಲ್ಲಿ ಯಾವಾಗಲೂ ಒಂದಿಷ್ಟು ಮಣ್ಣು.

ಮೊದಮೊದಲು ಹೀಗೆ ಕೇಳುತ್ತಿದ್ದೆ:
"ನಿಮ್ಮ ಕಷ್ಟಸುಖ ಏನಾದರೂ ಇದ್ದರೆ ಹೇಳಿ."
ಅಷ್ಟು ಅಗಲದ ಬಾಗಿಲು ತೆರೆದಿಟ್ಟರೆ
ಒಳಗೆ ಬರುವವರೇ ಇಲ್ಲ.
ಒಬ್ಬಳು ಸೆರಗಿನ ದಾರ ಎಳೆದಳು,
ಒಬ್ಬಳು ಕಾಲ್ಬೆರಳು ನೋಡಿಕೊಂಡಳು,
"ಎಲ್ಲಾ ಚೆನ್ನಾಗೈತವ್ವ" ಅಂದಳು ದ್ಯಾವೀರಮ್ಮ.
ಅವಳ ಬಲಗೈಗೆ ಆಗ ಬಟ್ಟೆ ಸುತ್ತಿತ್ತು.
ಪುಸ್ತಕದಲ್ಲಿ ಬರೆದೆ: ಚರ್ಚೆ ನಡೆಯಿತು.

ಆಮೇಲೆ ಎಣಿಕೆ ಕಲಿತೆ.
ಎರಡು ಮಂಕರಿ. ಒಬ್ಬೊಬ್ಬರ ಕೈಗೂ
ಮಾರಾಟಕ್ಕೆ ಬಾರದ ಒಂದೊಂದು ಗೋಲಿ ಗೆಡ್ಡೆ.
ನಲ್ಲಿ ಗೇಟಿನ ಹತ್ತಿರ ಬೇಕೆಂದರೆ ಎಡಕ್ಕೆ,
ತೂಕದ ಮನೆ ಹತ್ತಿರ ಬೇಕೆಂದರೆ ಬಲಕ್ಕೆ.
ಟಪ್ ಟಪ್, ಟಪ್ ಟಪ್,
ಟೀ ಬರುವಷ್ಟರಲ್ಲಿ ಮುಗಿದೇ ಹೋಯಿತು.

ನಗಬೇಡಿ ಇದಕ್ಕೆ.
ಪೆನ್ಷನ್ ಮೊಹಲ್ಲಾದ ಮೆಹಬೂಬಿ ಇದ್ದಾಳಲ್ಲ,
ಮಾತು ತಡವರಿಸುತ್ತದೆಂದು
ಆರು ವರ್ಷ ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ,
ಅವಳು ತನ್ನ ಗೆಡ್ಡೆಯನ್ನು ಒರೆಸಿ
ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು
ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ.
ಅವಳದೂ ಒಂದು, ಮೇಸ್ತ್ರಿಯ ಹೆಂಡತಿಯದೂ ಒಂದು.
ಮಾತಿಗಿಂತ ಇದೇ ಮೇಲು
ಅನ್ನಿಸಿತು ನನಗೆ.

ಎಡಕ್ಕೆ ಮೂವತ್ತೊಂದು.
ಬಲಕ್ಕೆ ಹತ್ತೊಂಬತ್ತು.
ಇದ್ದವರು ಐವತ್ತೊಂದು.

ಹುಡುಕಿದರೆ, ಎರಡು ಮಂಕರಿಯ ನಡುವೆ
ಸಿಮೆಂಟು ನೆಲದ ಮೇಲೆ ಒಂಟಿಯಾಗಿ ಕೂತಿತ್ತು,
ಬಿಸಿಲಿಗೆ ಒಂದು ಮಗ್ಗುಲು ಹಸಿರಾದ ಗೆಡ್ಡೆ.
"ಉರುಳಿ ಬಿದ್ದಿರಬೇಕು" ಎಂದು ಪೆನ್ನಿನ ಮುಚ್ಚಳ ತೆಗೆದೆ.
ಜವರಮ್ಮ ಬಿಡಲಿಲ್ಲ.
ಎತ್ತಿ ಹಿಡಿದು, "ಯಾರ್ದೇ ಇದು?" ಅಂದಳು.

ಹಿಂದಿನ ಸಾಲಿನಿಂದ ಸಣ್ಣತಾಯಿ:
"ನಂದು. ಬಿದ್ದಿದ್ದಲ್ಲ, ನಾನೇ ಇಟ್ಟಿದ್ದು.
ನಲ್ಲಿ ಎಲ್ಲಾದ್ರೂ ಹಾಕ್ಕಳಿ, ನಂಗೇನು?
ಹೊತ್ತಾರೆಯಿಂದ ಸಂಜೆಗಂಟ ನಾನು ನೀರೇ ಕುಡಿಯಾಕಿಲ್ಲ.
ಕುಡುದ್ರೆ ಹೋಗಾದೆಲ್ಲಿಗೆ?
ಲಾರಿ ಹಿಂದ್ಕಾ?"

ಯಾರೋ ಕಿಸಕ್ಕೆಂದರು.
ಆ ನಗುವಿನ ಬೆನ್ನಿಗೇ ಯಾರೋ, "ನಾನೂ ಅಷ್ಟೇ."
ಗೇಟಿನವರು, ತೂಕದ ಮನೆಯವರು,
ಯಾರು ಎಡ ಯಾರು ಬಲ ಮರೆತೇ ಹೋಯಿತು.
ಉರಿಮೂತ್ರದ ಮಾತು, ಬಾರ್ಲಿ ಗಂಜಿಯ ಮಾತು,
ಮುಟ್ಟಿನ ದಿನ ಮನೆಯಲ್ಲೇ ಉಳಿದು
ಹೋದ ವರ್ಷ ಕಳಕೊಂಡ ಕೂಲಿಯ ಲೆಕ್ಕ,
ನೀಲಿ ಟಾರ್ಪಾಲು ಮರೆ ಕಟ್ಟಿದ್ದು,
ಮೂರನೇ ದಿನ ಮೇಸ್ತ್ರಿ ಕಿತ್ತು
ಚೀಲಗಳ ಮೇಲೆ ಹೊದಿಸಿದ್ದು.
ಮೇಸ್ತ್ರಿಯ ಹೆಂಡತಿ ಅಲ್ಲೇ ಕೂತಿದ್ದಳು.
"ಹೂಂ, ಕಿತ್ತ," ಅಂದಳು, "ಆವತ್ತು ನಾನೂ ಕಾದೆ ಕತ್ತಲಾಗ್ಲಿ ಅಂತ."
ಹಾರ್ನ್ ಹೊಡೆದೂ ಹೊಡೆದೂ ಸಾಕಾದ ಲಾರಿ ಡ್ರೈವರು
ಜಗಳಕ್ಕೆಂದೇ ಇಳಿದು ಬಂದವನು
ನಾಲ್ಕು ಮಾತು ಕಿವಿಗೆ ಬಿದ್ದು
ಬಂದ ದಾರಿಗೆ ತಿರುಗಿದ.
ಮೆಹಬೂಬಿ, "ನ... ನ..." ಅಂದಳು.
ಉಳಿದದ್ದಕ್ಕೆ ಎಲ್ಲರೂ ಕಾದರು.

ಮೂವತ್ತೊಂದು ಬರೆದೆ, ಹತ್ತೊಂಬತ್ತು ಬರೆದೆ.
ಅದರ ಕೆಳಗೆ, ಒಂದು, ಎಂದು ಬರೆದು
ಅಲ್ಲಿಗೆ ಗೆರೆ ಎಳೆಯಲು ಕೈ ಬರಲಿಲ್ಲ.
ಹಾಳೆ ತುಂಬಿತು. ಹಾಳೆ ತಿರುಗಿಸಿದೆ.
ಟೀ ಮೇಲೆ ಕೆನೆ ಕಟ್ಟಿತ್ತು.

ಮುಂದಿನ ವಾರ ಜಾಣತನ ಮಾಡಿ
ನಾನೇ ಒಂದು ಗೆಡ್ಡೆಯನ್ನು ನಡುವೆ ಇಟ್ಟು
"ಯಾರದಿದು?" ಎಂದು ಕೇಳಿದೆ.
ಯಾರೂ ತುಟಿ ಬಿಚ್ಚಲಿಲ್ಲ.
ಜವರಮ್ಮನಿಗೆ ಮಾತ್ರ ನಗು:
"ನಿಂದೇ ಕಣವ್ವ. ಹೇಳು ಮತ್ತೆ."

ಐವತ್ತೊಂದು ಮುಖ ನನ್ನ ಕಡೆಗೆ.
ನಾನು ಸೆರಗಿನ ದಾರ ಎಳೆದೆ.