ಶೂನ್ಯ ಟಿಕೆಟ್

ಜಿಗಣೆಗಳು ಮಣ್ಣಿಗೆ ಹಿಂತಿರುಗಿದ ದಿನವೇ ನಮ್ಮಲ್ಲಿ ಚಳಿಗಾಲ,
ಕ್ಯಾಲೆಂಡರ್ ಏನಾದರೂ ಹೇಳಿಕೊಳ್ಳಲಿ.
ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರದೆ
ಕೆಳಗಿನ ಬಾಳೆಯವರೆಗೆ ಹೋಗಿ ಬಂದೆ,
ಬೆರಳ ಸಂದು ನೋಡಿದೆ, ರಕ್ತವಿಲ್ಲ.
ಆರು ತಿಂಗಳಾದ ಮೇಲೆ ಮೊದಲ ಸಲ
ನನ್ನ ಕಾಲು ನನ್ನದೇ.

ಮುಕ್ಕಾಲು ಎಕರೆ. ಚೇರಂಬಾಣೆಯಿಂದ ಒಳಗೆ, ಇಳಿಜಾರು.
ನಲವತ್ತು ಕಾಫಿ ಗಿಡ, ಒಂದು ಕಿತ್ತಳೆ, ಮೂರು ಬಾತು,
ಹದಿನೇಳು ಕೋಳಿ, ಹೆಸರಿಡದ ಒಂದು ಆಡು.
ಪಕ್ಕದ ಕುಶಾಲಪ್ಪನವರು ಇದನ್ನು ತೋಟ ಅನ್ನುವುದಿಲ್ಲ,
'ನಿಮ್ಮ ಶೋಕಿ ಹೇಗಿದೆ?' ಅಂತಾರೆ.
ಚೆನ್ನಾಗಿದೆ ಅಂತೇನೆ. ತೌಡು, ಔಷಧಿ, ಬೇಲಿಯ ತಂತಿ ಕೂಡಿಸಿದರೆ
ಒಂದೊಂದು ಮೊಟ್ಟೆಗೆ ಮೂವತ್ತೊಂದು ರೂಪಾಯಿ ಬೀಳುತ್ತದೆ.
ಲೆಕ್ಕ ಹಳೆಯ ವೇಬಿಲ್ಲಿನ ಬೆನ್ನಿಗಿದೆ,
ಯಾರಿಗೂ ತೋರಿಸಿಲ್ಲ.

ಆರೂ ಹತ್ತರ ಬಸ್ಸಿಗೆ ಮೊದಲು ನನಗೊಂದು ಟ್ರಿಪ್ಪು ಇದೆ.
ಖಾಕಿಯ ಮೇಲೆ ನುಸಿಗುಳಿಗೆ ವಾಸನೆಯ ಸ್ವೆಟರು.
ಬ್ಯಾಟರಿ ಬಿಟ್ಟರೆ ಮಂಜು ಬೆಳಕನ್ನು
ನನ್ನ ಮುಖಕ್ಕೇ ವಾಪಸು ಕೊಡುತ್ತದೆ,
ಚಿಲ್ಲರೆ ಇಲ್ಲ ಅನ್ನುವ ಹಾಗೆ.
ಗೂಡಿನ ಬಾಗಿಲು ತೆಗೆದು ಎಣಿಸುತ್ತೇನೆ.
ಮುಂದೆ ಹೋಗ್ರೀ, ಮುಂದೆ, ಬಾಗಿಲಲ್ಲಿ ನಿಲ್ಲಬೇಡಿ.
ಕಾಸು ಕೊಡಬೇಕಾದವನು ಹುಂಜ ಒಬ್ಬನೇ,
ಉಳಿದವರೆಲ್ಲ ಹೆಂಗಸರು. ಶೂನ್ಯ ಟಿಕೆಟ್.

ಹಗಲು ಗಿಡ್ಡವಾದಂತೆ ಮೊಟ್ಟೆ ಒಂಬತ್ತು, ಆರು, ಎರಡು.
ಆಮೇಲೆ ಹುಲ್ಲಿನಲ್ಲಿ ಬರೇ ಬಿಸುಪು.
ಆಡಿಗೆ ಗೋಣಿ ಹೊದೆಸಿದೆ, ಅದು ಗೋಣಿ ತಿಂದಿತು,
ಈಗ ಮೈಮೇಲೆ ಉಳಿದಿರುವುದು 'ತೂಕ ಐವತ್ತು ಕೆ.ಜಿ.'

ಕಾಫಿ ಹಣ್ಣಾಗುತ್ತಿದೆ, ಒಟ್ಟಿಗೆ ಅಲ್ಲ,
ಗೊಂಚಲಿಗೊಂದು ಕೆಂಪು,
ಇಡೀ ತರಗತಿಯಲ್ಲಿ ಉತ್ತರ ಗೊತ್ತಿರುವ ಒಬ್ಬಳೇ ಹುಡುಗಿ
ಕೈ ಎತ್ತಿದ ಹಾಗೆ.
ನನಗಿಂತ ಮೊದಲು ಪುನುಗು ಬೆಕ್ಕು ಅವಳನ್ನು ಎಬ್ಬಿಸುತ್ತದೆ.

ಹುತ್ತರಿಯ ರಾತ್ರಿ ಗದ್ದೆ ಕಡೆ ಗುಂಡು ಹಾರಿತು.
ಪೊನ್ನಕ್ಕ ಹೊಸ ಕದಿರು ತಂದು ನಮ್ಮ ಬಾಗಿಲಿಗೂ ಕಟ್ಟಿದಳು,
ಗದ್ದೆ ಇಲ್ಲದವರ ಮನೆಗೂ ಭತ್ತ ಬರಬೇಕಂತೆ.
ಬೆಳಿಗ್ಗೆ ಎಣಿಸಿದರೆ ಹದಿನಾರು.
ಕುಂಟುವ ಕರಿಯವಳು ಇಲ್ಲ.

ಆ ದಿನ ಮಡಿಕೇರಿಯ ಪ್ರತಿ ತಿರುವಿನಲ್ಲೂ ತಲೆ ಎಣಿಸಿದೆ.
ಐವತ್ತೆರಡು ಬಂತು, ಟಿಕೆಟ್ಟೂ ಐವತ್ತೆರಡು,
ಆದರೂ ಒಬ್ಬರು ಕಡಿಮೆ.
ಡ್ರೈವರ್ ಬೆಳ್ಯಪ್ಪ ಕನ್ನಡಿಯಲ್ಲಿ ನೋಡಿದ,
'ಯಾರು ಉಳಿದ್ರು?'
ಸೀಟಿ ಬಾಯಲ್ಲಿತ್ತು. ಊದಿದೆ.

ವಾರದ ರಜೆ. ಮಳೆಗಾಲವನ್ನು ಮಡಚಿ ಅಟ್ಟಕ್ಕೆ ಹಾಕೋಣವೆಂದು
ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ರೈನ್‌ಕೋಟು ಎತ್ತಹೋದೆ.
ಅದು ಬೈಯಿತು.
ತೋಳಿನ ಮಡಿಕೆಯೊಳಗೆ ಎರಡು ಕಿತ್ತಳೆ ಕಣ್ಣು,
ಉಬ್ಬಿಸಿದ ಕಪ್ಪು ರೆಕ್ಕೆ.
ಅಡಿಗೆ ಕೈ ಹಾಕಿದರೆ ಕುಕ್ಕಿದಳು, ಆದರೂ ಎಣಿಸಿದೆ:
ಏಳು. ನಾನು ಚಳಿಯನ್ನು ಬೈದ ಮೊಟ್ಟೆಗಳು.
ಅದರಲ್ಲೊಂದು ಬಾತಿನದು, ಹೇಗೆ ಬಂತೋ.

ಇದು ಕಾವು ಕೂರುವ ಕಾಲವಲ್ಲ ಕಣೇ ಅಂದೆ.
ಧನುರ್ಮಾಸದಲ್ಲಿ ಒಡೆದ ಮರಿ ಉಳಿಯುವುದು ಅಪರೂಪ,
ನನಗೆ ಗೊತ್ತು, ಅವಳಿಗೂ ಗೊತ್ತಿರಬೇಕು.
ಬೇಲಿಯಾಚೆಯಿಂದ ಕುಶಾಲಪ್ಪ:
'ತಣ್ಣೀರಲ್ಲಿ ಮುಳುಗಿಸಿ ತೆಗೀರಿ, ಕಾವು ಇಳಿಯುತ್ತೆ.'
ಹೂಂ ಅಂದೆ.
ಹೂಂ ಅಂದು, ಅರವತ್ತರ ಬಲ್ಬೊಂದು ತಂದು
ಜಂತಿಯಿಂದ ಇಳಿಬಿಟ್ಟೆ.

ರೈನ್‌ಕೋಟು ಈ ವರ್ಷ ಅಟ್ಟ ಸೇರಲಿಲ್ಲ.
ಮಂಜಿನಲ್ಲಿ ಬಸ್ಸಿನತ್ತ ನಡೆಯುತ್ತ ತಿರುಗಿ ನೋಡಿದರೆ
ಕೊಟ್ಟಿಗೆಯ ಸಂದಿಯಲ್ಲಿ ಒಂದು ಹಳದಿ ಗೀರು.
ವೇಬಿಲ್ಲಿನ ಬೆನ್ನಿಗೆ ಬರೆದಿದ್ದೇನೆ:
ಕೋಳಿ ಹದಿನೇಳು. ಮೊಟ್ಟೆ ಇಲ್ಲ.
ಕರೆಂಟು ಬಿಲ್ಲು ನೋಡಬೇಕು.